ತೊಟ್ಟಿಲೂ ಬೆಳ್ಳಿತೆರೆಯೂ

ಮನೆಯಲ್ಲಿ ಚೊಚ್ಚಲ ಕೂಸು ಹುಟ್ಟಿದೊಡನೆ ಅದರ ತಾಯಿತಂದೆಗಳ ಒಳಬಾಳೂ ಒಮ್ಮೆಗೇ ಬದಲಾಗಿಬಿಡಬೇಕೆಂದು ನಮ್ಮ ಜನ ಸಾಮಾನ್ಯವಾಗಿ ನಿರೀಕ್ಷಿಸುತ್ತಾರೆ. ಮೊನ್ನೆಮೊನ್ನೆಯವರೆಗೆ ಶುಕ್ರವಾರ ತೆರೆಕಾಣುವ ಚಿತ್ರಕ್ಕಾಗಿ ವಾರವೆಲ್ಲ ಕಾಯುತ್ತಿದ್ದವರು, ಧಾರಾವಾಹಿಯ ಮುಂದಿನ ಕಂತಿನಲ್ಲಿ ಏನಾದೀತೆಂದು ಊಟದ ಹೊತ್ತಿನಲ್ಲಿ ವಾದಿಸುತ್ತಿದ್ದವರು, ಹಳೆಯ ಹಾಡೊಂದರ ಪಲ್ಲವಿ ಕಿವಿಗೆ ಬಿದ್ದರೆ ಕೈಯ ಕೆಲಸವನ್ನು ನಿಲ್ಲಿಸಿ ಚರಣವನ್ನು ತಾವೇ ಹಾಡಿ ಮುಗಿಸುತ್ತಿದ್ದವರು, ಮಗು ತೊಟ್ಟಿಲಿಗೆ ಬಂದ ದಿನದಿಂದ ಈ ಅಕ್ಕರೆಗಳನ್ನೆಲ್ಲ ತೊರೆದು, ಹಾಲು, ನಿದ್ದೆ, ಲಸಿಕೆ, ತೂಕ ಇವುಗಳ ಚಿಂತೆಯಲ್ಲಿಯೇ ತೃಪ್ತರಾಗಿರತಕ್ಕದ್ದೆಂಬುದು ಹಿರಿಯರಲ್ಲಿ ಬಹುಮಂದಿಯ ಮತ. ವರ್ಷದ ಉಳಿದ ದಿನಗಳಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಸರೆಯ ರಜೆಯಲ್ಲಿ ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮ, ಅತ್ತಿಗೆ ನಾದಿನಿಯರೆಲ್ಲ ಒಂದೇ ಸೂರಿನ ಕೆಳಗೆ ನೆರೆದಾಗ ಮಾತ್ರ, ಮಗುವಾದ ಮೇಲೂ ಇನ್ನೂ ಸಿನಿಮಾ ಹುಚ್ಚು ಬಿಟ್ಟಿಲ್ಲವೆ ಎಂಬ ಪ್ರಶ್ನೆ ಯಾರದಾದರೊಬ್ಬರ ಬಾಯಿಂದ ಬಂದೇ ಬರುತ್ತದೆ.

ಇದಕ್ಕೆ ಎದುರಾಗಿ ಹೊಸ ತಲೆಮಾರಿನ ಮತವೊಂದುಂಟು. ಕಾಲ ಬದಲಾಗಿದೆ, ಹಾಡು ಚಿತ್ರ ಕಥೆಗಳೆಲ್ಲ ಅಂಗೈಯಷ್ಟು ಗಾಜಿನ ಫಲಕದೊಳಗೆ ಬಂದು ಕುಳಿತಿವೆ, ಅವನ್ನು ಮಗುವಿನ ಕಣ್ಣೆದುರಿಗೇ ಹಿಡಿದರೆ ಮಗುವೂ ನಲಿದೀತು, ಹೆತ್ತವರಿಗೂ ಬಿಡುವು ದೊರೆತೀತು ಎಂದು ಅದು ವಾದಿಸುತ್ತದೆ. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿರುವ ಈ ಎರಡು ಮತಗಳೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವೆಂದು ನನಗೆ ದೃಢವಾಗಿ ತೋರುತ್ತದೆ. ಕಲೆಯೆಂಬುದು ಅದನ್ನು ಪ್ರೀತಿಸುವ ಮನುಷ್ಯನಿಂದ ಬೇರ್ಪಡಿಸಿ ಇರಿಸಬಹುದಾದ ಪದಾರ್ಥವೆಂದು ಎರಡೂ ಭಾವಿಸುತ್ತವೆ. ಆದುದರಿಂದಲೇ ಒಂದು ಅದನ್ನು ತಾಯಿಯಿಂದ ಕಿತ್ತುಕೊಳ್ಳಲು ಹಿಂಜರಿಯುವುದಿಲ್ಲ, ಮತ್ತೊಂದು ಅದನ್ನು ಕೂಸಿನ ಕೈಗೆ ನೇರವಾಗಿ ಹಾಕಲು ಹಿಂಜರಿಯುವುದಿಲ್ಲ. ಹೆತ್ತವರ ಅಭಿರುಚಿಯೇ ಹಸುಗೂಸಿಗೆ ದೊರೆಯುವ ಮೊದಲ ಸಂಸ್ಕೃತಿ; ಅದು ಹೆತ್ತವರ ದನಿ, ಮಡಿಲು, ಮುಖದ ನಗೆ ಇವುಗಳ ಮೂಲಕವಲ್ಲದೆ ಬೇರಾವ ದಾರಿಯಿಂದಲೂ ಕೂಸನ್ನು ಮುಟ್ಟಲಾರದು. ಇದು ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವ ಮಾತು.

ಜನಪ್ರಿಯ ಕಲೆಯ ಹೆಸರೆತ್ತಿದರೆ ಮೂಗು ಮುರಿಯುವ ವಿದ್ವಾಂಸರು ನಮ್ಮಲ್ಲಿ ಇಲ್ಲದಿಲ್ಲ. ಇಂದು ನಾವು ಪರಂಪರೆಯೆಂದು ತಲೆಯ ಮೇಲೆ ಹೊತ್ತಿರುವ ಎಷ್ಟೋ ಕಲೆಗಳು ತಮ್ಮ ಯೌವನದಲ್ಲಿ ಜನಪ್ರಿಯ ವಿನೋದಗಳೇ ಆಗಿದ್ದವೆಂಬುದನ್ನು ಅವರು ನೆನೆಯಬೇಕು. ಕರಾವಳಿಯಲ್ಲಿ ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಮೇ ತಿಂಗಳ ಪತ್ತನಾಜೆಯವರೆಗೆ ಊರೂರಿನ ಗದ್ದೆಗಳಲ್ಲಿ ಇರುಳೆಲ್ಲ ಆಟವಾಡುತ್ತಿದ್ದ ಕಾಲದಲ್ಲಿ, ಚಾಪೆ ಹಾಸಿ ಕುಳಿತ ತಾಯಂದಿರ ಮಡಿಲಿನಲ್ಲಿಯೇ ಕೂಸುಗಳು ಮಲಗಿರುತ್ತಿದ್ದವು. ಚೆಂಡೆಯ ಪೆಟ್ಟಿಗೆ ಬೆಚ್ಚಿ ಎದ್ದ ಮಗು ಮೊದಲು ನೋಡುತ್ತಿದ್ದುದು ರಂಗಸ್ಥಳವನ್ನಲ್ಲ, ತಾಯಿಯ ಮುಖವನ್ನು. ಅಲ್ಲಿ ಭಯವಿಲ್ಲದೆ ಸಂತೋಷವಿರುವುದನ್ನು ಕಂಡು ಮತ್ತೆ ಕಣ್ಣು ಮುಚ್ಚುತ್ತಿತ್ತು. ಕುಂದಾಪುರದ ಸೀಮೆಯಲ್ಲಿ ನವರಾತ್ರಿಯ ದಿನಗಳಲ್ಲಿ ಹೂವಿನಕೋಲು ಹಿಡಿದ ಹುಡುಗರ ತಂಡಗಳು ಭಾಗವತರೊಡನೆ ಮನೆಮನೆಗೆ ಬಂದು, ಚಾವಡಿಯಲ್ಲಿ ಎದುರುಬದುರಾಗಿ ಕುಳಿತು, ಯಕ್ಷಗಾನ ಪ್ರಸಂಗದ ಒಂದು ತುಣುಕಿನ ಅರ್ಥವನ್ನು ಹೇಳಿ ಹೋಗುವ ಪದ್ಧತಿಯಿತ್ತು. ಈಗಲೂ ಅಲ್ಲಲ್ಲಿ ಉಳಿದಿದೆ. ಮನೆಬಿಟ್ಟು ಹೊರಡಲಾಗದ ಬಾಣಂತಿಗೂ ಮುದುಕಿಗೂ ಕಲೆ ತಾನಾಗಿಯೇ ಬಾಗಿಲಿಗೆ ಬರುವ ಏರ್ಪಾಡು ಅದು. ಈ ಸಂಪ್ರದಾಯಗಳಲ್ಲಿ ಶಿಶುಗಳಿಗೆಂದೇ ತಯಾರಿಸಿದ ವಿನೋದ ಎಂಬುದೊಂದು ಇರಲಿಲ್ಲ. ದೊಡ್ಡವರು ಮನಸಾರೆ ಸವಿಯುತ್ತಿದ್ದ ಕಲೆಯ ಅಂಚಿನಲ್ಲಿ ಮಗುವಿಗೆ ಒಂದು ಜಾಗವಿತ್ತು, ಆ ಜಾಗದಲ್ಲಿ ಅದು ಬೆಳೆಯುತ್ತಿತ್ತು.

ಅಭಿಮನ್ಯು ತಾಯಿಯ ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹವನ್ನು ಹೊಗುವ ಕ್ರಮವನ್ನು ಕೇಳಿ ಕಲಿತನೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಗರ್ಭಸ್ಥ ಶಿಶುವಿನ ಗ್ರಹಣಶಕ್ತಿಗೆ ದೃಷ್ಟಾಂತವೆಂದು ಅದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕಥೆಯ ಉತ್ತರಾರ್ಧಕ್ಕೆ ಇನ್ನೂ ಹೆಚ್ಚಿನ ಬೆಲೆಯುಂಟು. ಸುಭದ್ರೆಗೆ ನಿದ್ದೆ ಬಂದಿತು, ಮಗನ ಪಾಠವೂ ಅಲ್ಲಿಗೇ ನಿಂತಿತು. ಹೇಳುವವನಿಗೂ ಶಿಶುವಿಗೂ ನಡುವೆ ತಾಯಿಯ ಆಸಕ್ತಿಯೊಂದೇ ಸೇತುವೆಯಾಗಿತ್ತೆಂದೂ, ಅದು ಮುರಿದಾಗ ಮತ್ತೊಂದು ದಾರಿ ಉಳಿಯಲಿಲ್ಲವೆಂದೂ ನಮ್ಮ ಕಥೆಗಾರರು ಎಷ್ಟು ಸ್ಪಷ್ಟವಾಗಿ ಕಂಡಿದ್ದರು! ಆಧುನಿಕ ವಿಜ್ಞಾನವು ಈ ವಿಷಯವನ್ನು ತನ್ನದೇ ರೀತಿಯಲ್ಲಿ ಪರೀಕ್ಷಿಸಿದೆ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬೊರೊ ಶಾಖೆಯಲ್ಲಿ ಆಂಟನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಎಂಬಿಬ್ಬರು ವಿಜ್ಞಾನಿಗಳು ತುಂಬು ಬಸುರಿಯರಿಂದ ಕೊನೆಯ ಆರು ವಾರಗಳ ಕಾಲ ದಿನಕ್ಕೆರಡು ಬಾರಿ ಕಥೆಯೊಂದನ್ನು ಗಟ್ಟಿಯಾಗಿ ಓದಿಸಿದರು. ಡಾಕ್ಟರ್ ಸ್ಯೂಸ್ ಬರೆದ ಟೋಪಿಯ ಬೆಕ್ಕಿನ ಪ್ರಸಿದ್ಧ ಕಥೆಯೂ ಆ ಪಾಠಗಳಲ್ಲಿ ಒಂದಾಗಿತ್ತು. ಹುಟ್ಟಿದ ಮಕ್ಕಳು ತಾವು ಗರ್ಭದಲ್ಲಿ ಕೇಳಿದ ಕಥೆಯ ಲಯವನ್ನೇ ಕೇಳಬಯಸಿದವೆಂದು, ಚೀಪುವ ಗತಿಯನ್ನು ಅಳೆದು, 1986ರಲ್ಲಿ ಅವರು ಪ್ರಕಟಿಸಿದರು. ಎರಡು ವರ್ಷಗಳ ಮೇಲೆ ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೂ ಕುತೂಹಲಕಾರಿಯಾದ ಸಂಗತಿಯೊಂದನ್ನು ವರದಿ ಮಾಡಿದರು. ಆಗ ಬ್ರಿಟನ್ನಿನ ಮನೆಮನೆಯಲ್ಲಿ ನೋಡುತ್ತಿದ್ದ ‘ನೇಬರ್ಸ್’ ಎಂಬ ಆಸ್ಟ್ರೇಲಿಯದ ಧಾರಾವಾಹಿಯನ್ನು ಬಸುರಿನಲ್ಲಿ ತಪ್ಪದೆ ನೋಡಿದ ತಾಯಂದಿರ ಶಿಶುಗಳು, ಅದರ ಶೀರ್ಷಿಕೆಯ ರಾಗ ಕೇಳಿಸಿದರೆ ಅಳು ನಿಲ್ಲಿಸಿ ಕಿವಿಗೊಡುತ್ತಿದ್ದವು. ಅದೇ ವರ್ಷಗಳಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ನಮ್ಮ ಮನೆಗಳಲ್ಲಿ ನಡೆಯುತ್ತಿತ್ತು, ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆಯ ರಾಗಕ್ಕೆ ಶಿವಮೊಗ್ಗದ ಯಾವ ತೊಟ್ಟಿಲು ಕಿವಿಗೊಟ್ಟಿತೋ ಅಳೆದವರಿಲ್ಲ.

ಈ ಪ್ರಯೋಗಗಳಿಂದ ಗರ್ಭದಲ್ಲಿಯೇ ಪಂಡಿತರನ್ನು ತಯಾರಿಸಬಹುದೆಂದು ಹೊರಟವರ ಮಾತಿಗೆ ನಾನು ಸೇರುವವನಲ್ಲ. ಶಿಶುವಿಗೆ ಅಲ್ಲಿ ಅರ್ಥ ತಿಳಿಯಲಿಲ್ಲ, ಪರಿಚಯ ಮಾತ್ರ ಉಂಟಾಯಿತು. ಅಷ್ಟೇ ಅಲ್ಲದೆ, ಹೆಪ್ಪರ್ ಮುಂದೆ ನಡೆಸಿದ ಪರೀಕ್ಷೆಯಲ್ಲಿ, ಹುಟ್ಟಿದ ಮೇಲೆ ಆ ರಾಗವನ್ನು ಮತ್ತೆ ಕೇಳದ ಕೂಸುಗಳಲ್ಲಿ ಮೂರು ವಾರಗಳೊಳಗಾಗಿ ಆ ಪರಿಚಯದ ಗುರುತೇ ಉಳಿದಿರಲಿಲ್ಲ. ಈ ಕಡೆಯ ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ಹಿಡಿದಿದೆ. ಬಸುರಿನಲ್ಲಿ ಹಾಡುತ್ತಿದ್ದವಳನ್ನು ಹೆರಿಗೆಯಾದೊಡನೆ ಮೌನಕ್ಕೆ ನೂಕಿದರೆ, ಕೂಸು ಹೊರಲೋಕಕ್ಕೆ ಬರುವಾಗ ಜೊತೆಯಲ್ಲಿ ತಂದ ಒಂದೇ ಒಂದು ಪರಿಚಿತ ನಾದವನ್ನು ನಾವೇ ಅಳಿಸಿದಂತಾಗುವುದಿಲ್ಲವೆ?

ಇಲ್ಲಿ ಬಾಣಂತನದ ಮಾತನ್ನು ಸ್ವಲ್ಪ ವಿಸ್ತಾರವಾಗಿ ಎತ್ತಬೇಕಾಗಿದೆ. ತವರಿನ ಬಾಣಂತನವೆಂಬುದು ನಮ್ಮ ಕೌಟುಂಬಿಕ ವಿವೇಕದ ಶ್ರೇಷ್ಠ ಫಲಗಳಲ್ಲಿ ಒಂದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹೊಸದಾಗಿ ಹೆತ್ತವಳನ್ನು ಸಂಸಾರದ ದುಡಿಮೆಯಿಂದ ಬಿಡಿಸಿ, ತಾಯಿಯ ಕೈಯ ಎಣ್ಣೆನೀರು, ಮೆಣಸಿನ ಸಾರು, ಲೇಹ್ಯ, ಸಾಂಬ್ರಾಣಿಯ ಹೊಗೆ ಇವುಗಳ ಆರೈಕೆಯಲ್ಲಿ ತಿಂಗಳುಗಟ್ಟಲೆ ಇರಿಸಿಕೊಳ್ಳುವ ಪದ್ಧತಿಯನ್ನು ಕಂಡುಹಿಡಿದವರು ದೇಹದ ನೋವನ್ನು ಬಲ್ಲವರಾಗಿದ್ದರು. ಆದರೆ ಅದೇ ಕೋಣೆಯಲ್ಲಿ ಬಾಣಂತಿ ಓದಬಾರದು, ಕಣ್ಣಿಗೆ ಶ್ರಮ. ಹಾಡಬಾರದು, ಗಂಟಲಿಗೆ ಗಾಳಿ. ಹೆಚ್ಚು ನಗಬಾರದು, ಮಾತನಾಡಬಾರದು ಎಂಬ ನಿಷೇಧಗಳೂ ಸೇರಿಕೊಂಡಿವೆ. ಎಣ್ಣೆದೀಪದ ಮಂಕು ಬೆಳಕಿನಲ್ಲಿ, ರಕ್ತ ಕಳೆದುಕೊಂಡು ಸೊರಗಿದವಳಿಗೆ ಓದಬೇಡವೆಂದು ಹೇಳಿದ್ದರಲ್ಲಿ ಅಂದಿಗೆ ಕರುಣೆ ಇದ್ದಿತೆಂಬುದನ್ನು ಒಪ್ಪೋಣ. ಇಂದು ಆ ಕಾರಣ ಹೋಗಿ ಕಟ್ಟಳೆ ಮಾತ್ರ ಉಳಿದಿದೆ. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಹಾಲೂಡಿಸುತ್ತ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ತಾನು ಯಾರಾಗಿದ್ದೆನೆಂಬ ನೆನಪನ್ನು ತರುವ ಒಂದು ಹಾಡೂ ಒಂದು ಪುಸ್ತಕವೂ ಇಲ್ಲದೆ ಕುಳಿತ ತರುಣಿಯ ಮನಸ್ಸು ಏನಾದೀತೆಂದು ಯೋಚಿಸುವವರು ಆ ಮನೆಯಲ್ಲಿ ಒಬ್ಬರಾದರೂ ಇರಬೇಡವೆ?

ಈ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದವರಲ್ಲಿ ತ್ರಿವೇಣಿಯವರ ಹೆಸರು ಮೊದಲು ಬರಬೇಕು. ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದ್ದ ಈ ಲೇಖಕಿ, ಹೆರಿಗೆಯ ಬೆನ್ನಿಗೆ ಚಿತ್ತ ಕದಡಿದ ಕಾವೇರಿಯೆಂಬ ಗೃಹಿಣಿಯ ಕಥೆಯನ್ನು ‘ಶರಪಂಜರ’ದಲ್ಲಿ ಬರೆದರು. ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳನ್ನು ಗುಣವಾದವಳೆಂದು ಕಾಣಲು ಮನೆಯೂ ನೆರೆಹೊರೆಯೂ ಒಪ್ಪುವುದಿಲ್ಲ. ಈ ಕಾದಂಬರಿಯನ್ನು ಬರೆದ ತ್ರಿವೇಣಿಯವರು ತಾವೇ 1963ರಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರೆಂಬುದನ್ನು ನೆನೆದಾಗಲೆಲ್ಲ ಎದೆ ಭಾರವಾಗುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಆ ಕೃತಿಯನ್ನು ಬೆಳ್ಳಿತೆರೆಗೆ ತಂದರು, ಕಲ್ಪನಾ ಕಾವೇರಿಯಾದರು. ಪುಸ್ತಕ ಓದುವ ಅಭ್ಯಾಸವಿಲ್ಲದ ಮನೆಗಳ ಹೆಂಗಸರೂ, ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಆ ಚಿತ್ರವನ್ನು ನೋಡಿದರು. ಬಾಣಂತಿಸನ್ನಿಯೆಂದು ಪಿಸುದನಿಯಲ್ಲಿ ಆಡಿ ಮುಚ್ಚಿಡುತ್ತಿದ್ದ ಸಂಕಟಕ್ಕೆ ಕಾರಣವುಂಟು, ಚಿಕಿತ್ಸೆಯುಂಟು, ಚಿಕಿತ್ಸೆಗಿಂತ ಹೆಚ್ಚಾಗಿ ಮನೆಯವರ ಮನುಷ್ಯತ್ವದ ಅಗತ್ಯವುಂಟು ಎಂಬುದನ್ನು ಒಂದು ಜನಪ್ರಿಯ ಚಿತ್ರ ನಾಡಿಗೆಲ್ಲ ತಿಳಿಸಿತು. ಹೊಸ ತಾಯಿ ಸಿನಿಮಾ ನೋಡಿ ಏನಾಗಬೇಕಾಗಿದೆ ಎಂದು ಕೇಳುವವರಿಗೆ ಈ ಒಂದು ಉದಾಹರಣೆಯೇ ಸಾಕೆಂದು ನಾನು ತಿಳಿಯುತ್ತೇನೆ. ಕಲೆ ಅವಳಿಗೆ ಕಾಲಹರಣದ ಸಾಧನವಲ್ಲ. ತನ್ನಂಥವರು ಬೇರೆಯವರೂ ಇದ್ದಾರೆಂದು ಅವಳಿಗೆ ತಿಳಿಸುವ ಸಂಗಾತಿ.

ಹಾಗಾದರೆ ಕೋಣೆ ಬಿಟ್ಟು ಹೊರಡಲಾಗದ ತಿಂಗಳುಗಳಲ್ಲಿ ಅವಳಿಗೆ ಈ ಸಂಗಾತಿ ಹೇಗೆ ದೊರೆಯಬೇಕು? ನಮ್ಮ ಮನೆಯಲ್ಲಿ ಇದಕ್ಕೆ ಉತ್ತರ ದೊರೆತದ್ದು ನನ್ನ ಹೆಂಡತಿಯ ಅಜ್ಜಿಯಿಂದ. ಮೈಸೂರಿನ ಆ ಹಳೆಯ ಮನೆಯ ಬಾಣಂತಿಕೋಣೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಮರಿಮಗನನ್ನು ಕಾಲ ಮೇಲೆ ಮಲಗಿಸಿಕೊಂಡು, ಅವರು ತಮ್ಮ ಯೌವನದಲ್ಲಿ ನೋಡಿದ ಚಿತ್ರಗಳ ಕಥೆಯನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. ಹೇಳುವುದೆಂದರೆ ಸಾರಾಂಶವಲ್ಲ, ಯಾರು ಯಾವ ಸೀರೆ ಉಟ್ಟಿದ್ದರು, ಯಾವ ಮಾತಿಗೆ ಚಿತ್ರಮಂದಿರವೆಲ್ಲ ಚಪ್ಪಾಳೆ ತಟ್ಟಿತು, ಹಾಡು ಬಂದಾಗ ಪಕ್ಕದಲ್ಲಿದ್ದವರು ಯಾರು ಎಂಬುದೆಲ್ಲ ಸೇರಿದ ಸಾವಧಾನವಾದ ನಿರೂಪಣೆ. ‘ಬಂಗಾರದ ಮನುಷ್ಯ’ದ ಕಥೆ ಹಲವು ಮಧ್ಯಾಹ್ನ ನಡೆಯಿತು, ಲಕ್ಷ್ಮಿ ಬಾವಿಗೆ ಬೀಳುವ ಸನ್ನಿವೇಶ ಬಂದಾಗ, ಬಾಣಂತಿಗೆ ದುಃಖದ ಸಂಗತಿ ಹೇಳಕೂಡದೆಂದು, ಅಜ್ಜಿ ಅದನ್ನು ಮೆಲ್ಲನೆ ದಾಟಿಸಿ ಕಥೆಯನ್ನು ಮುಂದಕ್ಕೆ ಕೊಂಡೊಯ್ದರು. ನೋಡಿದವರು ನೋಡದವರಿಗೆ ಚಿತ್ರದ ಕಥೆ ಹೇಳುವ ಈ ವಾಡಿಕೆ ಒಂದು ಕಾಲದಲ್ಲಿ ಕನ್ನಡನಾಡಿನ ಬಾವಿಕಟ್ಟೆ, ಜಗಲಿ, ಹೊಲದ ಬದುಗಳಲ್ಲೆಲ್ಲ ಇದ್ದಿತು. ಚಿತ್ರಮಂದಿರದ ಬಾಗಿಲಲ್ಲಿ ಕೆಲವೇ ಪೈಸೆಗಳಿಗೆ ದೊರೆಯುತ್ತಿದ್ದ ಹಾಡಿನ ಪುಸ್ತಕವನ್ನು ಮನೆಗೆ ತಂದು, ಪಾತ್ರೆಯ ಕಪಾಟಿನ ಮೇಲೋ ಟ್ರಂಕಿನ ತಳದಲ್ಲೋ ಜೋಪಾನಮಾಡಿ, ಹಾಡುಗಳನ್ನು ಬಾಯಿಪಾಠ ಮಾಡುತ್ತಿದ್ದ ಹೆಂಗಸರು ಎಷ್ಟೋ ಮಂದಿ. ಆ ಪುಸ್ತಕಗಳಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ತೆರೆಯ ಮೇಲೆ ನೋಡಿರೆಂದು ಅಚ್ಚುಮಾಡಿರುತ್ತಿದ್ದರು. ಉಳಿದುದನ್ನು ಹೇಳುವ ಹೊಣೆ ಮನೆಯ ಅಜ್ಜಿಯದೋ ಅತ್ತಿಗೆಯದೋ ಆಗುತ್ತಿತ್ತು. ಜನಪ್ರಿಯ ಕಲೆ ಹೀಗೆ ಮನುಷ್ಯರ ಬಾಯಿಂದ ಬಾಯಿಗೆ ಸಾಗುತ್ತಿದ್ದಾಗ ಅದರ ನಡುವೆ ಮಲಗಿದ್ದ ಕೂಸಿಗೆ ಚಿತ್ರದ ಕಥೆ ತಿಳಿಯಲಿಲ್ಲ, ನಿಜ. ಏರಿಳಿಯುವ ದನಿ, ನಡುನಡುವೆ ನಗೆ, ಹಾಡಿನ ಗುನುಗು ಇವು ಅದರ ಕಿವಿಯನ್ನು ತುಂಬಿದವು.

ಹೀಗೆ ತುಂಬುವುದಕ್ಕೂ ಫಲಕದ ಮೇಲೆ ಓಡುವ ಬಣ್ಣದ ಬೊಂಬೆಗಳು ತುಂಬುವುದಕ್ಕೂ ಭೇದವೇನೆಂದು ಕೇಳುವವರುಂಟು. ಭೇದ ಬಹಳ ದೊಡ್ಡದು. ಮಾನವ ಶಿಶು ಹುಟ್ಟುವಾಗ ಲೋಕದ ಎಲ್ಲ ಭಾಷೆಗಳ ಧ್ವನಿಗಳನ್ನೂ ಬೇರೆಬೇರೆಯಾಗಿ ಗುರುತಿಸುವ ಶಕ್ತಿಯನ್ನು ಪಡೆದಿರುತ್ತದೆ. ಕೆನಡಾದ ಜಾನೆಟ್ ವರ್ಕರ್ 1984ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹಿಂದಿಯ ತಕಾರ ಟಕಾರಗಳ ವ್ಯತ್ಯಾಸವನ್ನು ಇಂಗ್ಲಿಷ್ ಮನೆಗಳ ಕೂಸುಗಳು ಆರೆಂಟು ತಿಂಗಳಲ್ಲಿ ಚೆನ್ನಾಗಿ ಗುರುತಿಸುತ್ತಿದ್ದು, ವರ್ಷ ತುಂಬುವ ಹೊತ್ತಿಗೆ ಅದನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಿದ್ದವು. ಈ ಅವಧಿಯಲ್ಲಿ ಹೊಸ ಧ್ವನಿಗಳನ್ನು ಉಳಿಸಿಕೊಡುವುದು ಯಾವುದು? ಸಿಯಾಟಲ್ ನಗರದ ಪೆಟ್ರೀಷಿಯಾ ಕುಲ್ 2003ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಲ್ಲಿ ಕೆಲವಕ್ಕೆ ಚೀನೀ ಮಾತನಾಡುವವರು ಎದುರಿಗೆ ಕುಳಿತು, ಆಟಿಕೆ ತೋರಿಸಿ, ಪುಸ್ತಕ ಓದಿ ಹನ್ನೆರಡು ಬಾರಿ ಒಡನಾಡಿದರು. ಇನ್ನು ಕೆಲವಕ್ಕೆ ಅದೇ ಜನ ಅದೇ ಮಾತನ್ನಾಡುವ ಚಿತ್ರಮುದ್ರಿಕೆಯನ್ನು ತೋರಿಸಲಾಯಿತು. ಎದುರು ಮನುಷ್ಯನಿದ್ದ ಕೂಸುಗಳು ಚೀನೀ ಧ್ವನಿಭೇದಗಳನ್ನು ಕಲಿತವು. ಚಿತ್ರ ನೋಡಿದವು ಏನನ್ನೂ ಕಲಿಯಲಿಲ್ಲ. ಶಬ್ದವೂ ಒಂದೇ ಮುಖವೂ ಒಂದೇ ಆಗಿದ್ದರೂ, ಕೂಸು ನಕ್ಕಾಗ ತಿರುಗಿ ನಗುವ ಮನುಷ್ಯ ಅಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವರ್ಷ ತುಂಬದ ಶಿಶುಗಳಿಗೆ ತೆರೆಯ ವೀಕ್ಷಣೆ ಸಲ್ಲದೆಂದು ಹೇಳಿದುದೂ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎರಡು ವರ್ಷದವರೆಗೆ ಅದೇ ನಿಯಮವನ್ನು ವಿಧಿಸಿದುದೂ ಇದರೊಡನೆ ಹೊಂದಿಬರುತ್ತವೆ. ಮಗುವಿಗಲ್ಲ, ನಮಗೆಂದು ಹಜಾರದಲ್ಲಿ ದಿನವಿಡೀ ಹಾಕಿಟ್ಟ ಟಿ.ವಿ.ಯೂ ನಿರುಪದ್ರವಿಯಲ್ಲ, ಅದು ಕೇಳಿಸುತ್ತಿರುವ ಒಂದೊಂದು ಗಂಟೆಗೂ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದಗಳಷ್ಟು ಕಡಿಮೆಯಾಗಿತ್ತೆಂದು ಅಮೆರಿಕದ ಒಂದು ಅಧ್ಯಯನ 2009ರಲ್ಲಿ ಕಂಡಿತು. ರಜೆಯ ಮನೆಯಲ್ಲಿ ಹತ್ತು ಜನ ಸೇರಿದ್ದೂ ಕೂಸು ಮಾತಿಲ್ಲದೆ ಇರುವ ಸ್ಥಿತಿ ಹೀಗೆ ಒದಗುತ್ತದೆ.

ತೆರೆಯನ್ನೆಲ್ಲ ಒಂದೇ ಮಾತಿನಿಂದ ತಳ್ಳಿಹಾಕುವುದೂ ಸರಿಯಲ್ಲ. ಸಿಯಾಟಲ್ಲಿನಲ್ಲೋ ಸಿಡ್ನಿಯಲ್ಲೋ ನೆಲಸಿದ ಕನ್ನಡ ದಂಪತಿಗಳ ಕೂಸನ್ನು ಹಾಸನದ ಅಜ್ಜಿ ವಿಡಿಯೊ ಕರೆಯಲ್ಲಿ ಮಾತನಾಡಿಸುವಾಗ, ಕೂಸು ಕೈಯಾಡಿಸಿದರೆ ಅಜ್ಜಿಯೂ ಆಡಿಸುತ್ತಾಳೆ, ಅದು ಅತ್ತರೆ ಹಾಡನ್ನು ಬದಲಿಸುತ್ತಾಳೆ. ಮರುನುಡಿ ಬರುವ ಇಂಥ ಕರೆಯಿಂದ ಪುಟ್ಟ ಮಕ್ಕಳು ಹೊಸ ಪದಗಳನ್ನು ಕಲಿಯಬಲ್ಲವೆಂದು ಪರೀಕ್ಷೆಗಳು ತೋರಿಸಿವೆ. ವೈದ್ಯರ ನಿಯಮಗಳೂ ಇದಕ್ಕೆ ವಿನಾಯಿತಿ ಕೊಟ್ಟಿವೆ. ದೋಷವು ಗಾಜಿನದಲ್ಲ, ಅದರ ಆಚೆ ಮನುಷ್ಯನಿಲ್ಲದಿರುವುದೇ ದೋಷ.

ಇನ್ನು ತಂದೆಯ ಮಾತು. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಿಗೆ ಏರಿತು. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ದೊರೆಯುವುದು 15 ದಿನ, ಖಾಸಗಿ ಉದ್ಯೋಗದಲ್ಲಿರುವ ತಂದೆಗೆ ಕಾನೂನು ಕಡ್ಡಾಯಮಾಡಿದ ರಜೆಯೇ ಇಲ್ಲ. ಆದುದರಿಂದ ಬಹುಮಂದಿ ತಂದೆಯರಿಗೆ ಕೂಸಿನೊಡನೆ ದಿನವೆಲ್ಲ ಕಳೆಯುವ ಮೊದಲ ಅವಕಾಶ ದಸರೆಯ ರಜೆಯೇ ಆಗಿರುತ್ತದೆ. ಆ ರಜೆಯಲ್ಲಿ ತಂದೆ ಗೆಳೆಯರೊಡನೆ ಹೊಸ ಚಿತ್ರದ ಮೊದಲ ಆಟಕ್ಕೆ ಹೋದರೆ ಯಾರೂ ಏನೂ ಹೇಳುವುದಿಲ್ಲ. ಮಗುವಾದ ಮೇಲೂ ಹುಚ್ಚು ಬಿಟ್ಟಿಲ್ಲವೆಂಬ ಮಾತು ತಾಯಿಗೆ ಮಾತ್ರ ಮೀಸಲು. ಈ ಅಸಮತೆಯನ್ನು ನಾನು ಗಂಡಸಾಗಿಯೇ ಖಂಡಿಸುತ್ತೇನೆ. ತ್ಯಾಗವು ಧರ್ಮವೇ ಆಗಿದ್ದರೆ ಇಬ್ಬರಿಗೂ ಧರ್ಮವಾಗಬೇಕಿತ್ತು. ಅದು ಒಬ್ಬರಿಂದ ಮಾತ್ರ ಬೇಡುವಂಥದಾದರೆ ಅದಕ್ಕೆ ಧರ್ಮದ ಹೆಸರು ಒಪ್ಪುವುದಿಲ್ಲ.

ರಜೆಯ ದಿನಗಳಲ್ಲಿ ಹಳೆಯ ಮೈಸೂರಿನ ಮನೆಗಳು ಕೂರಿಸುವ ಗೊಂಬೆಯನ್ನು ನೋಡಿದಾಗ, ಕುಟುಂಬದ ಅಭಿರುಚಿ ಹೇಗೆ ಕೈಯಿಂದ ಕೈಗೆ ಹಾಯಬೇಕೆಂಬುದಕ್ಕೆ ಅಲ್ಲಿಯೇ ಒಂದು ಮಾದರಿ ಇದೆಯೆಂದು ನನಗೆ ಅನಿಸುತ್ತದೆ. ಮೇಲಿನ ಹಂತದಲ್ಲಿ ತಾಯಿ ತವರಿನಿಂದ ತಂದ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದಶಾವತಾರ, ಕೆಳಗಿಳಿದಂತೆ ಶೆಟ್ಟರ ಅಂಗಡಿ, ಮದುವೆಯ ದಿಬ್ಬಣ, ಜಂಬೂಸವಾರಿ; ಎಲ್ಲಕ್ಕಿಂತ ಕೆಳಗೆ, ಮಕ್ಕಳ ಕೈಗೆಟಕುವ ನೆಲದ ಮೇಲೆ, ಆ ವರ್ಷದ ಮನೆಯವರ ಒಲವು. ಕ್ರಿಕೆಟ್ ಮೈದಾನವನ್ನು ಮಾಡಿಟ್ಟವರನ್ನೂ, ಚಿತ್ರದ ದೃಶ್ಯವೊಂದನ್ನು ಮಣ್ಣು ರಟ್ಟುಗಳಲ್ಲಿ ಕಟ್ಟಿದವರನ್ನೂ ನಾವೆಲ್ಲ ನೋಡಿದ್ದೇವೆ. ಪಟ್ಟದ ಗೊಂಬೆ ಕ್ರಿಕೆಟ್ಟನ್ನು ಓಡಿಸಲಿಲ್ಲ, ಕ್ರಿಕೆಟ್ಟು ಪಟ್ಟದ ಗೊಂಬೆಯನ್ನು ಇಳಿಸಲಿಲ್ಲ. ಸಂಜೆ ಗೊಂಬೆ ನೋಡಲು ಬಂದ ನೆರೆಯ ಮಕ್ಕಳಿಗೆ ಗೊಂಬೆ ಬಾಗಿನದ ತಿಂಡಿ ದೊರೆಯುತ್ತದೆ. ತೆವಳುವ ಕೂಸಿಗೆ ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಗಿಲಕಿ ಸಿಗುತ್ತದೆ. ಗೊಂಬೆ ಜೋಡಿಸುವ ತಾಯಿ ಒಂದೊಂದನ್ನೂ ಬಟ್ಟೆಯಿಂದ ಬಿಡಿಸುತ್ತ, ಇದು ನನ್ನ ಅಜ್ಜಿಯದು, ಇದು ನಾನು ಹಟಮಾಡಿ ಕೊಳ್ಳಿಸಿಕೊಂಡದ್ದು ಎಂದು ಹೇಳುತ್ತಾಳೆ. ಗೊಂಬೆಗೆ ಬೆಲೆ ಬರುವುದು ಆ ಮಾತಿನಿಂದ.

ಹೆತ್ತವರ ಉತ್ಸಾಹಕ್ಕೂ ಒಂದು ಮಿತಿ ಬೇಕೆಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ವಾದ ಏಕಪಕ್ಷೀಯವಾದೀತು. ಕತ್ತು ನಿಲ್ಲದ ಕೂಸಿಗೆ ಚಿತ್ರನಾಯಕನ ವೇಷ ತೊಡಿಸಿ, ಬೆಳಕು ಬೀರಿ, ಹತ್ತು ಬಗೆಯ ಭಂಗಿಯಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು ಅಭಿರುಚಿಯ ಹಂಚಿಕೆಯಲ್ಲ. ಕೃಷ್ಣಾಷ್ಟಮಿಯಲ್ಲಿ ಮಗುವಿಗೆ ನವಿಲುಗರಿ ಮುಡಿಸುವ ಪದ್ಧತಿ ನಮ್ಮಲ್ಲಿ ಇದೆಯಲ್ಲ ಎಂದು ಕೇಳಬಹುದು; ಅಲ್ಲಿ ಮನೆಯವರು ಮಗುವನ್ನು ನೋಡುತ್ತಾರೆ, ಇಲ್ಲಿ ಮಗುವನ್ನು ನೋಡುವವರನ್ನು ನೋಡುತ್ತಾರೆ. ತಮ್ಮ ಮೆಚ್ಚಿನ ನಟನನ್ನೇ ಮಗುವೂ ಮೆಚ್ಚಬೇಕೆಂಬ ಹಂಬಲ ಕ್ರಮೇಣ ಬಲವಂತವಾಗುತ್ತದೆ. ಹೆತ್ತವರ ಒಲವನ್ನು ಕಂಡು ಬೆಳೆದ ಮಗು ತಾನೂ ಒಲಿಯುವುದನ್ನು ಕಲಿಯುತ್ತದೆ, ಯಾವುದಕ್ಕೆ ಒಲಿಯಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ. ತಂದೆ ರಾಜ್‌ಕುಮಾರರ ಹಾಡಿಗೆ ಕಣ್ಣು ಮುಚ್ಚಿ ತಲೆದೂಗುವುದನ್ನು ನೋಡಿದ ಮಗ ಮುಂದೆ ಕೊರಿಯದ ಗಾಯಕರ ಹಾಡಿಗೆ ತಲೆದೂಗಿದರೆ ಅದರಲ್ಲಿ ನಷ್ಟವೇನೂ ಇಲ್ಲ.

ಜನಪ್ರಿಯ ಕಲೆಯಿಂದ ಹೊರಟ ಮನಸ್ಸು ಅಲ್ಲಿಯೇ ನಿಂತುಬಿಡುತ್ತದೆಂಬ ಭಯವೊಂದು ಉಳಿಯುತ್ತದೆ. ‘ಪ್ರೇಮದ ಕಾಣಿಕೆ’ಯಲ್ಲಿ ತಿಂಗಳುಗಳ ಕೂಸಾಗಿ ತೆರೆಯ ಮೇಲೆ ಬಂದ ಪುನೀತ್ ರಾಜ್‌ಕುಮಾರ್, 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ರಾಮುವೆಂಬ ಬಡ ಹುಡುಗನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆ ರಾಮು ಕಾಡಿನಲ್ಲಿ ಅಲೆದು, ಅಪರೂಪದ ಹೂಗಳನ್ನು ಹುಡುಕಿ ಮಾರಿ, ಕಾಸಿಗೆ ಕಾಸು ಕೂಡಿಡುವುದು ಯಾತಕ್ಕೆ? ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವುದಕ್ಕೆ. ಕಡೆಗೆ ಅವನು ಕೊಳ್ಳುವುದು ಮನೆಯವರಿಗೆ ಕಂಬಳಿ. ಮಹಾಕಾವ್ಯವನ್ನು ಎಂದೂ ತೆರೆದು ನೋಡದ ಎಷ್ಟು ಮನೆಗಳಲ್ಲಿ ಅದರ ಹೆಸರು, ಅದೊಂದು ಮಗು ಹಂಬಲಿಸತಕ್ಕ ವಸ್ತುವೆಂಬ ಭಾವನೆಯೊಡನೆ, ಆ ಒಂದು ಚಿತ್ರದಿಂದ ಪರಿಚಿತವಾಯಿತು! ಆ ಚಿತ್ರವನ್ನು ಅಂದು ನೋಡಿ ಅತ್ತವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ, ಅವರಲ್ಲಿ ಕಥೆಯುಂಟು, ಹಾಡುಂಟು, ರಜೆಯಲ್ಲಿ ಬಿಡುವೂ ಉಂಟು.

ಆದುದರಿಂದ ರಜೆಗೆಂದು ಮಗುವಿನ ಮನೆಗೆ ಬರುವ ನೆಂಟರಲ್ಲಿ ನನ್ನ ವಿನಂತಿ ಸಣ್ಣದು. ಬೆಳ್ಳಿಯ ಬಟ್ಟಲನ್ನೋ ಜರಿಯ ಅಂಗಿಯನ್ನೋ ತರುವುದರ ಬದಲು, ಒಂದು ಮಧ್ಯಾಹ್ನದ ಆಟದಷ್ಟು ಹೊತ್ತನ್ನು ಹೊಸ ತಾಯಿಗೆ ತಂದುಕೊಡಿ. ಹೆರಿಗೆಯ ಆಯಾಸ ಕಳೆದು ವೈದ್ಯರು ಒಪ್ಪಿದ ಮೇಲೆ, ಹಾಲೂಡಿಸಿ ಹೊರಟವಳು ಮೂರು ಗಂಟೆಯೊಳಗೆ ಹಿಂದಿರುಗಬಲ್ಲಳು. ತಡವಾದರೆ ಇರಲೆಂದು ಹಿಂಡಿಟ್ಟ ಎದೆಹಾಲು ಫ್ರಿಜ್ಜಿನಲ್ಲಿ ಕೆಡದೆ ಇರುತ್ತದೆ, ಅದನ್ನು ಬೆಚ್ಚಗೆ ಮಾಡಿ ಕುಡಿಸುವುದನ್ನು ತಂದೆ ಒಂದು ದಿನದಲ್ಲಿ ಕಲಿಯಬಹುದು. ಯಾವ ಚಿತ್ರವೆಂಬುದನ್ನು ಅವಳೇ ಆರಿಸಲಿ, ವಿಮರ್ಶಕರು ಹೊಗಳಿದ್ದೇ ಆಗಬೇಕಾಗಿಲ್ಲ. ಹಿಂದಿರುಗಿದ ಮೇಲೆ ಕಥೆಯನ್ನು ಮೊದಲಿನಿಂದ, ಹಾಡುಗಳನ್ನೂ ಬಿಡದೆ, ಮನೆಯಲ್ಲಿ ಉಳಿದವರಿಗೆಲ್ಲ ಹೇಳಬೇಕೆಂಬ ಕರಾರೊಂದನ್ನು ಬೇಕಾದರೆ ಹಾಕಿರಿ.